ಓನರ್ ಆಂಟಿಯ ದೊಡ್ಡ ಗಾಡಿ

ಸಾರಕ್ಕಿಯ ಮನೆಗೆ ನಾನು ಬಾಡಿಗೆಗೆ ಬಂದಾಗ ಕೆಳಗೆ ನನ್ನ ಸ್ಕೂಟರ್ ನಿಲ್ಲಿಸಲು ಜಾಗವೇ ಇರಲಿಲ್ಲ. ಇದ್ದ ಜಾಗವನ್ನೆಲ್ಲ ಒಂದು ದೊಡ್ಡ ಗಾಡಿ ತುಂಬಿಕೊಂಡಿತ್ತು. ಏಳು ಜನ ಕೂರುವ ಡೀಸೆಲ್ ಎಸ್‌ಯುವಿ. ಬಾನೆಟ್ಟು ನನ್ನ ಎದೆಯವರೆಗೆ ಬರುತ್ತಿತ್ತು. ಬೆಳಗಿನ ಬಿಸಿಲು ನೇರವಾಗಿ ಅಲ್ಲಿಗೇ ಬೀಳುತ್ತಿದ್ದುದರಿಂದ ಓನರ್ ಆಂಟಿ ಅದರ ಮೇಲೆ ಮೊರವಿಟ್ಟು ಬೆಳ್ಳುಳ್ಳಿ ಒಣಗಿಸುತ್ತಿದ್ದರು.

ಆಂಟಿಯದು ಸಾರಕ್ಕಿಯ ಹಳೇ ಮನೆತನ. ಕೆರೆ ಪಕ್ಕದಲ್ಲಿ ಸೊಪ್ಪು, ತರಕಾರಿ ಬೆಳೆಯುತ್ತಿದ್ದವರು ಈಗ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಂಕಲ್ ಮಾರ್ಕೆಟ್ ಹತ್ತಿರ ಹಾರ್ಡ್‌ವೇರ್ ಅಂಗಡಿ ನಡೆಸಿ ನಿಲ್ಲಿಸಿದ್ದರು. ಮನೆಯವರೆಲ್ಲ ಒಟ್ಟಿಗೆ ಮದುವೆಗೆ ಹೋಗಬೇಕು, ಎರಡೆರಡು ಆಟೋ ಹಿಡಿಯೋದು ತಪ್ಪಬೇಕು ಅಂತ ಆ ಗಾಡಿ ತಗೊಂಡಿದ್ದರಂತೆ. ನಾನು ಬರುವ ಹೊತ್ತಿಗೆ ಅಂಕಲ್‌ರ ಎಡಗಡೆ ಸೊಂಟದ ಕೀಲಿಗೆ ಆಪರೇಷನ್ ಆಗಿತ್ತು. ಆಮೇಲೆ ಒಮ್ಮೆ ಗಾಡಿ ತೆಗೆಯಲು ಹೋಗಿ, ಕ್ಲಚ್ ತುಳಿಯಲಾಗದೆ ಬೆವರಿ ಇಳಿದುಬಿಟ್ಟಿದ್ದರು. ಅಂದಿನಿಂದ ಗಾಡಿ ನಿಂತಲ್ಲೇ ನಿಂತಿತ್ತು. ಮಗಳನ್ನು ಹಾಸನಕ್ಕೆ ಕೊಟ್ಟಿದ್ದರು. ಅವಳು ಫೋನ್ ಮಾಡಿದಾಗಲೆಲ್ಲ "ಅದನ್ನ ಮಾರಿಬಿಡಿ" ಅನ್ನುತ್ತಿದ್ದಳು.

ನಾನು ಗದಗದ ಕಡೆಯವಳು. ಜಯನಗರದ ಒಂದು ಲ್ಯಾಬಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನನ್ನ ಮಾತಿನ "ರೀ" ಕೇಳಿದರೆ ಆಂಟಿಗೆ ನಗು. "ಅದೇನಮ್ಮಾ, ನಾಯಿ ಓಡಿಸೋವಾಗ್ಲೂ ಹೋಗ್ರಿ ಅಂತೀಯ" ಎಂದು ರೇಗಿಸುತ್ತಿದ್ದರು. ಮೊದಲ ಆರು ತಿಂಗಳು ನಮ್ಮ ನಡುವೆ ಇದ್ದದ್ದು ಇಷ್ಟೇ ಪರಿಚಯ.

ಒಂದು ಭಾನುವಾರ ಸಂಪು ತೊಳೆಯುವವರು ಬಂದರು. ಸಂಪಿನ ಮುಚ್ಚಳ ಸರಿಯಾಗಿ ಆ ಗಾಡಿಯ ಹೊಟ್ಟೆಯ ಕೆಳಗಿತ್ತು. ಸರಿಸಲು ಯಾರೂ ಇಲ್ಲ. ಆಂಟಿ ಬೀದಿಯಲ್ಲಿ ನಿಂತು ಹೋಗಿಬರುವ ಡ್ರೈವರುಗಳನ್ನೆಲ್ಲ ಕೇಳುತ್ತಿದ್ದರು. ಮೇಲೆ ಬಟ್ಟೆ ಒಣಹಾಕುತ್ತಿದ್ದ ನಾನು ಕೆಳಗಿಳಿದು ಬಂದೆ.

"ನಾ ತಗೀಲೇನ್ರಿ ಆಂಟಿ?"

"ನೀನಾ? ಕಾರು ಬರುತ್ತಾ ನಿಂಗೆ?"

"ನಮ್ಮೂರಾಗ ಟ್ರ್ಯಾಕ್ಟರ್ ಹೊಡದೇನ್ರಿ. ಅಪ್ಪನ ಹಳೇ ಜೀಪೂ ಹೊಡದೇನಿ. ಲೈಸೆನ್ಸ್ ಐತಿ."

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಟ್ರ್ಯಾಕ್ಟರ್ ಹೊಡ್ದೋಳ್ಗೆ ಇದ್ಯಾವ ಲೆಕ್ಕ! ತಗೋ ಕೀ."

ಕೀ ತಿರುಗಿಸಿದರೆ ಟಿಕ್ ಎಂಬ ಸದ್ದು ಕೂಡ ಬರಲಿಲ್ಲ. ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಸಂಪು ತೊಳೆಯುವವರೇ ಹಿಂದಿನಿಂದ ದಬ್ಬಿದರು, ನಾನು ಸ್ಟೇರಿಂಗ್ ಹಿಡಿದೆ. ಗಾಡಿ ಗೇಟಿನ ಹೊರಗೆ ಬಂತು. ಬಾನೆಟ್ ಎತ್ತಿ ನೋಡಿದಾಗ ಒಳಗೆ ಇಲಿ ಸಂಸಾರ ಹೂಡಿತ್ತು. ಹತ್ತಿ, ಪೇಪರ್ ಚೂರು, ತೆಂಗಿನ ನಾರು, ಜೊತೆಗೆ ಆಂಟಿಯ ಬೆಳ್ಳುಳ್ಳಿ ಸಿಪ್ಪೆ. ವೈರುಗಳನ್ನು ಅಲ್ಲಲ್ಲಿ ಕಡಿದು ಹಾಕಿತ್ತು.

"ಮೇಲೆ ನಾನು ಒಣಗ್ಸ್ತಿದ್ದೆ, ಕೆಳಗೆ ಅದು ಊಟ ಮಾಡ್ತಿತ್ತು" ಎಂದರು ಆಂಟಿ.

ಹೊಸ ಬ್ಯಾಟರಿಗೂ ವೈರಿಂಗ್ ಸರಿಮಾಡಿಸಲೂ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು. ಗಾಡಿ ಸ್ಟಾರ್ಟ್ ಆದಾಗ ಅಂಕಲ್ ಕಿಟಕಿಯಿಂದ ತಲೆ ಹೊರಹಾಕಿ ಆ ಸದ್ದನ್ನು ಕೇಳುತ್ತ ನಿಂತರು. ಸಂಜೆ ಆಂಟಿಯ ಕೈಯಲ್ಲಿ ನನಗೊಂದು ಡಬ್ಬಿ ತುಂಬ ಒಬ್ಬಟ್ಟು ಕಳಿಸಿಕೊಟ್ಟರು.

ಹೀಗೆ ನಾನು ಆ ಮನೆಯ ಭಾನುವಾರದ ಡ್ರೈವರ್ ಆದೆ. ಸಂಬಳದ ಮಾತು ಬಂತು, ನಾನು ಬೇಡವೆಂದೆ. ನಿಜ ಹೇಳಬೇಕೆಂದರೆ ನನಗೇ ಅದು ಬೇಕಿತ್ತು. ವಾರವೆಲ್ಲ ಸ್ಕೂಟರಿನಲ್ಲಿ ಬಸ್ಸುಗಳ ಹೊಗೆ ಕುಡಿದವಳಿಗೆ, ಅಷ್ಟು ಎತ್ತರದಲ್ಲಿ ಕೂತು ಬಸ್ಸಿನ ಡ್ರೈವರನ್ನೇ ಸರಿಸಮನಾಗಿ ನೋಡುವುದು ಸಣ್ಣ ಸುಖವಲ್ಲ.

ಏಪ್ರಿಲ್ ತಿಂಗಳಲ್ಲಿ ಆಂಟಿಯ ಅಣ್ಣನ ಕಡೆಯ ಮದುವೆಯೊಂದರ ಬೀಗರೂಟ ಬಂತು, ಕನಕಪುರದ ಹತ್ತಿರ. ಅಂಕಲ್ ಮುಂದಿನ ಸೀಟಿನಲ್ಲಿ, ಹಿಂದೆ ಆಂಟಿ, ಅವರ ಇಬ್ಬರು ತಂಗಿಯರು, ಒಬ್ಬ ಅತ್ತಿಗೆ. ಎಲ್ಲರೂ ರೇಷ್ಮೆ ಸೀರೆ, ಮಾರುದ್ದ ಮಲ್ಲಿಗೆ. ಗಾಡಿಯೊಳಗೆ ಎ.ಸಿ. ತಣ್ಣಗೆ ಬೀಸುತ್ತಿತ್ತು. ಕೋಣನಕುಂಟೆ ಕ್ರಾಸಿನ ಹತ್ತಿರ ಟ್ರಾಫಿಕ್ ಕಚ್ಚಿಕೊಂಡು ನಿಂತಾಗ ನಾನು ಮೀಟರ್ ನೋಡಿದೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ನಿಧಾನವಾಗಿ ಕೆಂಪಿನ ಕಡೆ ಏರುತ್ತಿತ್ತು.

ಅಪ್ಪನ ಜೀಪಿನಲ್ಲಿ ಕಲಿತ ಒಂದು ಉಪಾಯ ನೆನಪಾಯಿತು. ಎ.ಸಿ. ಆರಿಸಿ ಹೀಟರ್ ಪೂರ್ತಿ ಹಾಕಿದರೆ ಎಂಜಿನ್ನಿನ ಬಿಸಿ ಒಳಗೆ ಬಂದು, ಎಂಜಿನ್ ಅಷ್ಟರಮಟ್ಟಿಗೆ ತಣಿಯುತ್ತದೆ. ಕಿಟಕಿ ಎಲ್ಲ ಇಳಿಸಿ ಹೀಟರ್ ಹಾಕಿದೆ.

"ಅಯ್ಯೋ ಇದೇನಮ್ಮಾ, ಒಲೆ ಮುಂದೆ ಕೂತಂಗೈತಲ್ಲ!" ಎಂದರು ಅತ್ತಿಗೆ.

"ಗಾಡಿಗೆ ಜ್ವರ ಬಂದೈತ್ರಿ. ಸ್ವಲ್ಪ ತಡಕೋರಿ."

"ಅದಕ್ಕೆ ಜ್ವರ ಬಂದ್ರೆ ನಮಗ್ಯಾಕೆ ಬೆವರು?" ಎಂದು ಚಿಕ್ಕ ತಂಗಿ ಮದುವೆಯ ಇನ್ವಿಟೇಷನ್ ಕಾರ್ಡಿನಿಂದ ಬೀಸಿಕೊಳ್ಳತೊಡಗಿದರು.

ಆಂಟಿಗೆ ಇದ್ದಕ್ಕಿದ್ದಂತೆ ನಗು ಹತ್ತಿತು. ಒಬ್ಬರ ನಗು ಇನ್ನೊಬ್ಬರಿಗೆ ಅಂಟಿ, ಆ ಸಿಗ್ನಲಿನಲ್ಲಿ ಪಕ್ಕದ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಐದು ಜನ ಹೆಂಗಸರು ಬೆವರಿಳಿಸುತ್ತ ನಕ್ಕೆವು. ಅಂಕಲ್ ಮಾತ್ರ ಗಂಭೀರವಾಗಿ ಮುಳ್ಳನ್ನೇ ನೋಡುತ್ತ, "ಇಳೀತಾ ಇದೆ... ಹಾಂ, ಇಳೀತಾ ಇದೆ" ಎಂದು ವರದಿ ಕೊಡುತ್ತಿದ್ದರು.

ನಗರ ದಾಟಿ ರಸ್ತೆ ಬಿಚ್ಚಿಕೊಂಡ ಮೇಲೆ ಮುಳ್ಳು ತಾನಾಗಿ ಕೆಳಗಿಳಿಯಿತು. ಮತ್ತೆ ಎ.ಸಿ. ಹಾಕಿದರೂ ಏರಲಿಲ್ಲ. ಬೀಗರೂಟದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು. ನಾನು ಮಾಂಸ ತಿನ್ನದವಳೆಂದು ಆಂಟಿ ಅಡುಗೆಮನೆಗೇ ಹೋಗಿ ನನಗೆ ಅನ್ನ, ಹುಳಿ, ತುಪ್ಪ ಹಾಕಿಸಿಕೊಂಡು ಬಂದರು. ವಾಪಸು ಬರುವಾಗ ಸಾರಕ್ಕಿ ಸಿಗ್ನಲಿಗೆ ಬಂದ ಕೂಡಲೇ ಮುಳ್ಳು ಮತ್ತೆ ಏರಿತು. ಓಡುವಾಗ ಸರಿ, ನಿಂತಾಗ ಬಿಸಿ. ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಮೊದಲು ದೊಡ್ಡದೊಂದು ಸರ್ವಿಸ್ ಸೆಂಟರಿಗೆ ಕೊಂಡೊಯ್ದೆವು. ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು. ಸಂಜೆ ಎಸ್ಟಿಮೇಟ್ ಕೈಗಿಟ್ಟರು: ರೇಡಿಯೇಟರ್, ವಾಟರ್ ಪಂಪ್, ಪೈಪುಗಳು, ಎಲ್ಲ ಹೊಸದು, ಎಂಬತ್ತು ಸಾವಿರದ ಹತ್ತಿರ. ಅವರ ಮಾತಿನಲ್ಲಿ ಮೋಸವೇನೂ ಕಾಣಲಿಲ್ಲ. ಹಳೇ ಗಾಡಿ, ಒಂದನ್ನು ಬದಲಾಯಿಸಿದರೆ ಇನ್ನೊಂದು ಕೈಕೊಡುತ್ತದೆ, ಆಮೇಲೆ ನಮ್ಮನ್ನೇ ಬೈತೀರಿ ಅಂತ ಅವರ ವಾದ. ಆಂಟಿ ಕಾಗದವನ್ನು ಮಡಿಚಿ ಪರ್ಸಿಗೆ ಹಾಕಿ, "ಕಾಫಿ ಚೆನ್ನಾಗಿತ್ತಪ್ಪ" ಎಂದು ಎದ್ದು ಬಂದರು.

ನನ್ನ ಆಫೀಸಿನವರೊಬ್ಬರು ಬೊಮ್ಮನಹಳ್ಳಿಯ ಗ್ಯಾರೇಜೊಂದನ್ನು ಹೇಳಿದರು. ಗಾರ್ಮೆಂಟ್ ಫ್ಯಾಕ್ಟರಿಗಳ ಹಿಂದಿನ ರಸ್ತೆ, ತಗಡಿನ ಶೆಡ್ಡು. ಅಲ್ಲಿನ ಮೆಕ್ಯಾನಿಕ್ ನಲವತ್ತರ ಆಸುಪಾಸಿನವರು, ಮಾತು ಜಾಸ್ತಿ. ತಮಿಳು ಬೆರೆತ ಕನ್ನಡ. ನಾನು ಎಲ್ಲವನ್ನೂ ಹೇಳಿದೆ. ಅವರು ಅರ್ಧ ಕೇಳಿ, "ಥರ್ಮೋಸ್ಟಾಟ್ ಮೇಡಂ, ನೂರಕ್ಕೆ ನೂರು" ಎಂದು ಅದನ್ನು ಬದಲಾಯಿಸಿಯೇಬಿಟ್ಟರು. ಅದು ಎಂಜಿನ್ನಿನ ನೀರು ಯಾವಾಗ ಹರಿಯಬೇಕೆಂದು ನೋಡಿಕೊಳ್ಳುವ ಸಣ್ಣ ಸಾಮಾನು.

"ಈಗ ಟೆಸ್ಟ್ ಮಾಡ್ಬೇಕಲ್ಲ, ಟ್ರಾಫಿಕ್ ಬೇಕು. ಬನ್ನಿ, ಸಿಲ್ಕ್ ಬೋರ್ಡ್ ಕಡೆ ಹೋಗೋಣ" ಎಂದರು.

ಬೆಂಗಳೂರಿನಲ್ಲಿ ಟ್ರಾಫಿಕ್ ಹುಡುಕಿಕೊಂಡು ಹೊರಟವರು ನಾವೇ ಇರಬೇಕು. ಆದರೆ ಅವತ್ತು ಸಾಲು ರಜೆಯ ಭಾನುವಾರ. ಸಿಲ್ಕ್ ಬೋರ್ಡ್ ಜಂಕ್ಷನ್ ಮದುವೆ ಮುಗಿದ ಛತ್ರದ ಹಾಗೆ ಖಾಲಿ ಬಿದ್ದಿತ್ತು. ಹಿಂದಿನ ಸೀಟಿನಿಂದ ಆಂಟಿ, "ಬೇಕು ಅಂದಾಗ ಇದೂ ಸಿಗಲ್ವಲ್ಲಪ್ಪ" ಎಂದು ಕೈ ಚೆಲ್ಲಿದರು. ಎರಡು ಸುತ್ತು ಹೊಡೆದು, ಕೊನೆಗೆ ಬಿಟಿಎಂ ಒಳಗಿನ ಒಂದು ರಸ್ತೆಯಲ್ಲಿ ಪೈಪಿಗಾಗಿ ಅಗೆದ ಗುಂಡಿಯೊಂದರ ಹತ್ತಿರ ನಮಗೆ ಬೇಕಾದಷ್ಟು ಜಾಮ್ ಸಿಕ್ಕಿತು. ಮುಳ್ಳು ಏರಿತು.

ಮೆಕ್ಯಾನಿಕ್ ಗಾಡಿ ಪಕ್ಕಕ್ಕೆ ಹಾಕಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿದರು. "ಓಡುವಾಗ ಸರಿ ಇರ್ತೈತ್ರಿ, ನಿಂತಾಗ ಅಷ್ಟ ಏರ್ತೈತಿ ಅಂತ ಆಗಲೇ ಹೇಳಿದ್ನಲ್ರಿ" ಎಂದೆ ನಾನು. ಅವರು ನನ್ನ ಮುಖ ನೋಡಿ, ಬಟ್ಟೆ ಸುತ್ತಿದ ಬೆರಳಿನಿಂದ ಫ್ಯಾನನ್ನು ತಿರುಗಿಸಿದರು. ಅದು ಮಕ್ಕಳ ಗಿರಗಿಟ್ಟಲೆಯಂತೆ ಸಲೀಸಾಗಿ ಸುತ್ತಿತು.

"ಇದು ಇಷ್ಟು ಲೂಸಾಗಿ ತಿರುಗ್ಬಾರ್ದು ಮೇಡಂ. ಎಂಜಿನ್ ಬಿಸಿ ಆದಾಗ ಗಟ್ಟಿ ಹಿಡ್ಕೋಬೇಕು. ಫ್ಯಾನಿನ ಕಪ್ಲಿಂಗ್ ಹೋಗಿದೆ. ಓಡುವಾಗ ಗಾಳಿ ತಾನೇ ಬರುತ್ತೆ, ನಿಂತಾಗ ಫ್ಯಾನ್ ಬೇಕು." ಆಮೇಲೆ ತಲೆ ಕೆರೆದುಕೊಂಡು ನಕ್ಕರು. "ನೀವು ಹೇಳಿದ್ದು ಪೂರ್ತಿ ಕೇಳ್ಬೇಕಿತ್ತು. ಥರ್ಮೋಸ್ಟಾಟ್ ನನ್ ಖಾತೆಗೆ."

ಕಪ್ಲಿಂಗ್‌ಗೆ ಕೂಲಿ ಸೇರಿ ಹನ್ನೆರಡು ಸಾವಿರ. ಅದಾದ ಮೇಲೆ ಸಿಗ್ನಲಿನಲ್ಲಿ ಎಷ್ಟು ಹೊತ್ತು ನಿಂತರೂ ಮುಳ್ಳು ಅಲುಗಲಿಲ್ಲ. ಅಂಕಲ್‌ಗೆ ಮುಳ್ಳು ನೋಡುವ ಅಭ್ಯಾಸ ಮಾತ್ರ ಹೋಗಲಿಲ್ಲ.

ಮಳೆಗಾಲದ ಹೊತ್ತಿಗೆ ಕ್ಲಚ್ಚಿನ ಸರದಿ ಬಂತು. ಅದು ಮೊದಲಿನಿಂದಲೂ ಭಾರವೇ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿದರೆ ನನ್ನ ಎಡಗಾಲು ನಡುಗುತ್ತಿತ್ತು. ಒಂದು ದಿನ ಅಂಕಲ್, ಆಂಟಿ ಇಬ್ಬರನ್ನೂ ಕೂರಿಸಿಕೊಂಡು ಫ್ಲೈಓವರ್ ಹತ್ತುವಾಗ ಎಂಜಿನ್ ಅಬ್ಬರಿಸಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಬಂತು. ಹೇಗೋ ಬೊಮ್ಮನಹಳ್ಳಿ ಮುಟ್ಟಿಸಿದೆ.

ಕ್ಲಚ್ ಪೂರ್ತಿ ಸೆಟ್ ಹೋಗಿತ್ತು. ಗೇರ್‌ಬಾಕ್ಸ್ ಇಳಿಸಬೇಕು, ಮೂವತ್ತೆಂಟು ಸಾವಿರ ಅಂದರು. ಮೆಕ್ಯಾನಿಕ್ ಆಮೇಲೆ ಅಂಕಲ್‌ರನ್ನು ಕೇಳಿದರು: "ಸಾರ್, ನೀವು ಓಡ್ಸೋವಾಗ ಎಡಗಾಲು ಎಲ್ಲಿಡ್ತಿದ್ರಿ?"

"ಎಲ್ಲಿಡ್ತಾರೆ? ಕ್ಲಚ್ ಮೇಲೆ."

"ಯಾವಾಗ್ಲೂ? ಹಂಗಿಟ್ರೆ ಕ್ಲಚ್ ಸವೆದೋಗುತ್ತೆ ಸಾರ್."

"ಕಾಲು ಇಡೋಕೇ ಅಲ್ವೇನ್ರಿ ಅದು ಇರೋದು?"

ಆಂಟಿ ಬಾಯಿಗೆ ಸೆರಗು ಹಿಡಿದು ಆ ಕಡೆ ತಿರುಗಿದರು.

ಆ ವಾರ ಮನೆಯಲ್ಲಿ ಗಾಡಿಯದೇ ಮಾತು. ಹಾಸನದಿಂದ ಮಗಳು ಫೋನು ಮಾಡಿ, ಇನ್ನು ಒಂದು ರೂಪಾಯಿ ಹಾಕಬೇಡಿ ಎಂದಳು. ಹಳೇ ಗಾಡಿ ಕೊಳ್ಳುವ ವ್ಯಾಪಾರಿಯೊಬ್ಬ ಬಂದು, ಕ್ಲಚ್ ಹೋದ ಗಾಡಿ ಎಂದು ಮೂಗು ಮುರಿದು, ಕೇಳಿದರೆ ಅಳು ಬರುವಂಥ ರೇಟು ಹೇಳಿ ಹೋದ. ಅಂಕಲ್ ಸೋತ ದನಿಯಲ್ಲಿ, "ಕೊಟ್ಬಿಡೋಣ ಬಿಡು. ನಾನಂತೂ ಓಡ್ಸಲ್ಲ. ಈ ಹುಡುಗಿ ಎಷ್ಟು ದಿನ ಅಂತ ಓಡಿಸ್ತಾಳೆ? ನಾಳೆ ಮನೆ ಬದಲಾಯಿಸಿದ್ರೆ?" ಎಂದರು. ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ನನಗೆ ಬೇಜಾರಾಯಿತು.

ಆಂಟಿ ಮೂರನೇ ದಿನ ಬೆಳಗ್ಗೆ ನನ್ನ ಬಾಗಿಲು ತಟ್ಟಿ, "ಮೆಕ್ಯಾನಿಕ್‌ಗೆ ಫೋನ್ ಮಾಡಮ್ಮ. ಕ್ಲಚ್ ಹಾಕ್ಲಿ. ಚೀಟಿ ದುಡ್ಡು ಬಂದಿದೆ, ನಂದು" ಎಂದರು.

ಗಾಡಿ ತರಲು ಇಬ್ಬರೂ ಹೋದೆವು. ನಾನು ಒಂದು ಸುತ್ತು ಓಡಿಸಿ ಬಂದೆ. ಕ್ಲಚ್ ಬೆಣ್ಣೆಯ ಹಾಗಿತ್ತು. ಹಾಗಂತ ಹೇಳಿದಾಗ ಆಂಟಿ, "ತಡಿ, ನಾನೂ ನೋಡ್ತೀನಿ. ಅಷ್ಟು ದುಡ್ಡು ಕೊಟ್ಟಿದೀನಿ" ಎಂದು ಡ್ರೈವರ್ ಸೀಟು ಹತ್ತಿದರು. ಅಷ್ಟು ವರ್ಷ ತಮ್ಮದೇ ಗಾಡಿಯಲ್ಲಿ ಓಡಾಡಿದವರು ಆ ಸೀಟಿನಲ್ಲಿ ಕೂತದ್ದು ಅದೇ ಮೊದಲಂತೆ. ಚಪ್ಪಲಿ ಕಳಚಿ ಕೆಳಗೆ ಬಿಟ್ಟರು. ನಾನು ಸೀಟನ್ನು ಮುಂದಕ್ಕೆ ಎಳೆದುಕೊಟ್ಟೆ. ಬರಿಗಾಲಿನಲ್ಲಿ ಕ್ಲಚ್ ತುಳಿದರು. ಬಿಟ್ಟರು. ಮತ್ತೆ ತುಳಿದರು.

"ಇಷ್ಟೇನಾ?"

"ಇಷ್ಟ ರೀ."

"ಹೊಲಿಗೆ ಮಿಷನ್ ಇದಕ್ಕಿಂತ ಗಟ್ಟಿ ಕಣಮ್ಮಾ." ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಗ್ಯಾರೇಜಿನ ಗೋಡೆಯನ್ನು ರಸ್ತೆಯೆಂಬಂತೆ ನೋಡುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಐವತ್ತೆಂಟು ವಯಸ್ಸಿಗೆ ಲೈಸೆನ್ಸ್ ಕೊಡ್ತಾರಾ?" ಎಂದು ಕೇಳಿದರು.

ಕೊಡುತ್ತಾರೆ. ಕಂಪ್ಯೂಟರಿನ ಮುಂದೆ ಕೂತು ಕನ್ನಡದಲ್ಲೇ ಪ್ರಶ್ನೆಗೆ ಉತ್ತರಿಸಿ ಆಂಟಿ ಕಲಿಯುವವರಿಗೆ ಕೊಡುವ ಎಲ್ಎಲ್ ಪಾಸು ಮಾಡಿದರು. ಡ್ರೈವಿಂಗ್ ಸ್ಕೂಲಿಗೂ ಸೇರಿದರು. ಅಲ್ಲಿನ ಸಣ್ಣ ಕಾರು ಅವರಿಗೆ ಹಿಡಿಸಲಿಲ್ಲ. "ನೆಲದ ಮೇಲೆ ಚಾಪೆ ಹಾಕ್ಕೊಂಡು ಕೂತಂಗೆ ಆಗುತ್ತೆ, ಏನೂ ಕಾಣಲ್ಲ" ಎನ್ನುತ್ತಿದ್ದರು. ಹಾಗಾಗಿ ಭಾನುವಾರ ಬೆಳಗ್ಗೆ ಬೇಗ ಎದ್ದು, ದೊಡ್ಡ ಗಾಡಿಗೇ ಕೆಂಪು 'ಎಲ್' ಅಂಟಿಸಿ, ಅಂಜನಾಪುರದ ಖಾಲಿ ಲೇಔಟುಗಳಿಗೆ ಹೋಗತೊಡಗಿದೆವು. ಬೆನ್ನಿಗೊಂದು ದಿಂಬು, ಕೆಳಗೊಂದು ದಿಂಬು. ಅಂಕಲ್ ಹಿಂದಿನ ಸೀಟಿನಲ್ಲಿ.

ಮೊದಮೊದಲು ಗಾಡಿ ಕುಪ್ಪಳಿಸಿ ಕುಪ್ಪಳಿಸಿ ಆರಿಹೋಗುತ್ತಿತ್ತು. ಅಂಕಲ್ ಹಿಂದಿನಿಂದ "ಬ್ರೇಕು! ಗೇರು! ಹಾರನ್ ಹೊಡಿಯೇ!" ಎಂದು ಕೂಗುತ್ತಿದ್ದರು. ಎದುರಿಗೆ ಒಂದು ಎಮ್ಮೆ ಬಿಟ್ಟರೆ ಬೇರೆ ಯಾರೂ ಇರುತ್ತಿರಲಿಲ್ಲ. ಒಂದು ದಿನ ಆಂಟಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಕ್ಕೆ ತಿರುಗಿದರು.

"ನೋಡಿ, ಇಷ್ಟು ವರ್ಷ ನೀವು ಓಡ್ಸೋವಾಗ ನಾನು ಒಂದ್ ಮಾತಾಡಿದೀನಾ?"

ಅಂಕಲ್ ಯೋಚಿಸಿದರು. "ಮಾತಾಡಿದ್ದೀಯ. ಬೇಕಾದಷ್ಟು."

ಆಂಟಿಗೂ ನಗು ತಡೆಯಲಾಗಲಿಲ್ಲ. "ಸರಿ, ಹಂಗಾದ್ರೆ ನೀವೂ ಮಾತಾಡಿ. ಆದ್ರೆ ನಿಧಾನಕ್ಕೆ" ಎಂದು ಮತ್ತೆ ಗೇರು ಹಾಕಿದರು. ಆ ದಿನದಿಂದ ಅಂಕಲ್ ಮೆಲುದನಿಯಲ್ಲಿ ಹೇಳಿಕೊಡಲು ಶುರುಮಾಡಿದರು. ಅಷ್ಟು ವರ್ಷ ಓಡಿಸಿದವರು, ಗಾಡಿಯ ಅಗಲ ಅವರಿಗೆ ಮೈಯಲ್ಲೇ ಗೊತ್ತಿತ್ತು. ಕಿರಿದಾದ ಗಲ್ಲಿಯಲ್ಲಿ ಎಡಗಡೆ ಎಷ್ಟು ಜಾಗವಿದೆ ಎಂದು ಕನ್ನಡಿಯಲ್ಲಿ ಅಳೆಯುವ ಬಗೆಯನ್ನು ಅವರು ಹೇಳಿದಾಗ ನಾನೂ ಕಿವಿಗೊಟ್ಟು ಕಲಿತೆ.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಬೀದಿಯೇ. ಒಂದು ಕಡೆ ಹೂವಿನ ಅಂಗಡಿಯ ಬೆಂಚು, ಇನ್ನೊಂದು ಕಡೆ ಸಾಲು ಬೈಕುಗಳು. ಮೊದಲ ಸಲ ಆಂಟಿ ಅಲ್ಲಿ ರಿವರ್ಸ್ ತೆಗೆದಾಗ ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಆಟೋದವನೊಬ್ಬ ಇಳಿದು, "ಬರ್ಲಿ ಬರ್ಲಿ ಆಂಟಿ, ಫುಲ್ ಬರ್ಲಿ... ಸ್ಟಾಪ್!" ಎಂದು ಕೈಮಾಡಿದ. ಹೂವಿನಾಕೆ ಬೆಂಚನ್ನು ತಾನೇ ಎತ್ತಿ ಒಳಗಿಟ್ಟುಕೊಂಡಳು. ಗಾಡಿ ಎಲ್ಲೂ ತಾಗದೆ ಒಳಗೆ ಹೋಯಿತು. ಇಳಿದ ಆಂಟಿಯ ಬ್ಲೌಸು ಬೆವರಿನಿಂದ ಒದ್ದೆಯಾಗಿತ್ತು, ಮುಖ ಮಾತ್ರ ಹಬ್ಬದ ಹಾಗಿತ್ತು.

ಲೈಸೆನ್ಸ್ ಟೆಸ್ಟನ್ನು ಎರಡನೇ ಸಲಕ್ಕೆ ಪಾಸಾದರು. ಈಗ ಅಂಕಲ್‌ರನ್ನು ವಾರಕ್ಕೆರಡು ಸಲ ಪದ್ಮನಾಭನಗರದ ಫಿಜಿಯೋಥೆರಪಿಗೆ ಅವರೇ ಕರೆದೊಯ್ಯುತ್ತಾರೆ. ಹಾಸನದ ಮಗಳು ಬಂದಾಗ ಅಮ್ಮನ ಪಕ್ಕ ಕೂತು ಬನಶಂಕರಿ ದೇವಸ್ಥಾನಕ್ಕೆ ಹೋಗಿಬಂದಳು. ಆಮೇಲೆ ಮಾರುವ ಮಾತು ಅವಳ ಬಾಯಲ್ಲಿ ಬರಲಿಲ್ಲ. ನನಗೆ ಡ್ರೈವರ್ ಕೆಲಸ ಹೋಯಿತು ಎಂದು ನಾನು ತಮಾಷೆ ಮಾಡುತ್ತೇನೆ. ನಿಜದಲ್ಲಿ ಪಕ್ಕದ ಸೀಟೂ ಸುಖವಾಗಿಯೇ ಇದೆ.

ಹೋದ ಭಾನುವಾರ ಮೂವರೂ ಜಯನಗರಕ್ಕೆ ದೋಸೆ ತಿನ್ನಲು ಹೊರಟೆವು. ಹೋಗುವ ದಾರಿಯಲ್ಲಿ ಒಂದು ಹಂಪ್ ದಾಟುವಾಗ ಆಂಟಿ ತಟ್ಟನೆ ತಲೆ ಓರೆ ಮಾಡಿದರು.

"ಕೇಳಿಸ್ತಾ?"

ನನಗೆ ಏನೂ ಕೇಳಿಸಿರಲಿಲ್ಲ. ಅಂಕಲ್‌ಗೂ ಇಲ್ಲ. ಮುಂದಿನ ಹಂಪನ್ನು ಆಂಟಿ ಬೇಕೆಂದೇ ನಿಧಾನವಾಗಿ ದಾಟಿದರು. ಆಗ ನನಗೂ ಕೇಳಿಸಿತು, ಮುಂದೆ ಎಡಗಡೆ, ಮರದ ಬಾಗಿಲು ಚಿಲಕಕ್ಕೆ ತಾಗಿದಂತೆ ಒಂದು ಸಣ್ಣ 'ಟಕ್'.

ಹೋಟೆಲಿನ ಹತ್ತಿರದ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ, ದೋಸೆ ಬರುವ ಮುಂಚೆಯೇ ಆಂಟಿ ಬೊಮ್ಮನಹಳ್ಳಿಗೆ ಫೋನ್ ಹಚ್ಚಿದರು. "ಹಾಂ, ನಾನೇ ಕಣಪ್ಪಾ. ಮುಂದೆ ಎಡಗಡೆ ಟಕ್ ಟಕ್ ಅಂತಿದೆ, ಹಂಪ್ ಇಳಿಯೋವಾಗ ಮಾತ್ರ, ಹತ್ತೋವಾಗ ಇಲ್ಲ. ಪೂರ್ತಿ ಕೇಳಿಸ್ಕೋ ಮೊದ್ಲು." ಆ ಕಡೆಯವರು ಏನೋ ಹೇಳಿದರು. ಆಂಟಿ ಗಮನವಿಟ್ಟು ಕೇಳಿ, "ಬುಷ್ಷಾ? ರಬ್ಬರ್ ಸಾಮಾನಾ? ಎಷ್ಟಾಗುತ್ತೆ? ... ಸರಿ, ಮಂಗಳವಾರ ತರ್ತೀನಿ. ಒಬ್ಳೇ ಬರ್ತೀನಿ, ಇವ್ಳಿಗೆ ಆಫೀಸಿದೆ" ಎಂದು ಫೋನಿಟ್ಟರು.

ದೋಸೆ ಬಂತು. ಅಂಕಲ್ ತಮ್ಮ ತಟ್ಟೆಯ ಪಲ್ಯವನ್ನೆಲ್ಲ ಆಂಟಿಯ ಕಡೆ ದೂಡಿ, "ಮಂಗಳವಾರ ನಾನೂ ಬರ್ತೀನಿ, ಸುಮ್ನೆ" ಎಂದರು.